ಬಸಳೆ ತಿನ್ನುತ್ತಿದ್ದ ಗೋಸುಂಬೆ

ಕಳೆದ ಭಾನುವಾರ ದೋಸೆ ಹುಯ್ಯುತ್ತಿದ್ದಾಗ ಫೋನ್ ಬಂತು. ಗುರುತಿಲ್ಲದ ಹುಡುಗಿಯ ದನಿ, ಮಂಗಳೂರು ಕಡೆಯ ಮಾತು. "ಆಂಟಿ, ನಾನು ಮೆಲ್ಬರ್ನಿಂದ, ಡ್ಯಾಂಡಿನಾಂಗಿನಿಂದ ಮಾತಾಡುದು. ನಿಮಗೆ ನನ್ನ ಪರಿಚಯ ಇಲ್ಲ. ಬಾಯಮ್ಮ ತೀರಿಕೊಂಡ್ರು. ಏನಾದ್ರೂ ಆದ್ರೆ ನಿಮಗೆ ಹೇಳು ಅಂತ ಮೊದಲೇ ನಂಬರ್ ಕೊಟ್ಟಿದ್ರು."

ಕಾವಲಿಯ ಮೇಲಿನ ದೋಸೆ ಕರಕಲಾಗಿ ಹೊಗೆ ಎದ್ದಾಗ ನಮ್ಮನೆಯವರು ಓಡಿಬಂದು ಗ್ಯಾಸ್ ಆರಿಸಿದರು. ಯಾರು ಎಂದು ಕೇಳಿದರು. ಬಾಯಮ್ಮ ಎಂದೆ. ಅವರು ಬೆಂಗಳೂರಿನವರು, ಅವರಿಗೆ ನಮ್ಮ ಊರಿನ ಬಾಯಮ್ಮಂದಿರೆಲ್ಲ ಒಂದೇ. "ಯಾವ ಬಾಯಮ್ಮ?" ಎಂದರು.

"ಇನ್ಯಾವ ಬಾಯಮ್ಮ? ಗೋಸುಂಬೆ ಬಾಯಮ್ಮ!" ಎಂದು ಅವರ ಮೇಲೆ ರೇಗಿ, ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಬಾಯಮ್ಮನಿಗೊಂದು ಚಂದದ ಹೆಸರಿತ್ತು. ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ನಮ್ಮ ಉಡುಪಿ–ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರಲ್ಲಿ ಹಿರಿಯರನ್ನು ಬಾಯಮ್ಮ ಎನ್ನುವುದು ವಾಡಿಕೆ. ಸಿಡ್ನಿಯ ನಮ್ಮ ಬಡಾವಣೆ ಗಿರಾವೀನಿನಲ್ಲಿ ಆಂಟಿ ಎಂದು ಕರೆಸಿಕೊಳ್ಳುವವರು ಹೆಜ್ಜೆಗೊಬ್ಬರು ಇದ್ದರು. ಬಾಯಮ್ಮ ಮಾತ್ರ ಒಬ್ಬರೇ.

ನಾವಾಗ ಹೊಸದಾಗಿ ಆಸ್ಟ್ರೇಲಿಯಾಕ್ಕೆ ಬಂದವರು. ಗಿರಾವೀನಿನಲ್ಲಿ ಇಟ್ಟಿಗೆ ಗೋಡೆಯ ಒಂದು ಯೂನಿಟ್ ರೆಂಟಿಗೆ ಹಿಡಿದಿದ್ದೆವು. ಮೊದಲ ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದರೆ ಪಕ್ಕದ ಯೂನಿಟ್ಟಿನ ಬೇಲಿಯಾಚೆ ಬಸಳೆ ಚಪ್ಪರ! ಸಿಡ್ನಿಯಲ್ಲಿ ಬಸಳೆ! ಕೆಂಪು ದಂಟು, ದಪ್ಪ ಎಲೆ. ನಾನು ಕಾಲ್ಬೆರಳ ಮೇಲೆ ನಿಂತು ಬಗ್ಗಿ ನೋಡುತ್ತಿದ್ದಾಗ ಚಪ್ಪರದ ಅಡಿಯಿಂದ ಅಚ್ಚ ಕನ್ನಡದಲ್ಲಿ ಗದರಿಕೆ ಬಂತು.

"ಎಂತ ನೋಡುದು? ಕದೀಲಿಕ್ಕಾ?"

ನಾನು ಬೆಪ್ಪಾದೆ. ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಬಸಳೆ ಕಂಡು ಜೊಲ್ಲು ಸುರಿಸುದು ನಮ್ಮ ಕಡೆಯವರು ಮಾತ್ರ. ಬಾಕಿಯವರಿಗೆ ಅದೊಂದು ಬಳ್ಳಿ" ಎನ್ನುತ್ತ ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸೊಬ್ಬರು ಎದ್ದು ನಿಂತರು. ಒಂದು ದೊಡ್ಡ ಹೊರೆಯನ್ನೇ ಕೊಯ್ದು ಬೇಲಿಯ ಮೇಲಿಂದ ಕೊಟ್ಟು, "ಸಿಗಡಿ ಹಾಕಿ ಮಾಡು" ಎಂದರು. ನಾವು ಮೀನು ತಿನ್ನುವುದಿಲ್ಲ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಹಲಸಿನ ಬೀಜ ಹಾಕು. ನಿನ್ನ ಕರ್ಮ" ಎಂದು ಒಳಗೆ ಹೋದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಬಾಯಮ್ಮ ನರ್ಸ್. ಮಂಗಳೂರಿನಲ್ಲಿ, ಆಮೇಲೆ ಗಲ್ಫಿನಲ್ಲಿ ಕೆಲಸ ಮಾಡಿ, ಗಂಡ ತೀರಿಕೊಂಡ ಮೇಲೆ ಇಲ್ಲಿ ಕಾಯಂ ನೆಲೆಸುವ ಅನುಮತಿ, ಪಿಆರ್, ಮಾಡಿಸಿಕೊಂಡು ಸಿಡ್ನಿಗೆ ಬಂದವರು. ಒಂದು ವೃದ್ಧಾಶ್ರಮದಲ್ಲಿ ಕೆಲಸ. ಅಂಗಿಯ ಎದೆಗೆ ತಲೆಕೆಳಗಾಗಿ ಒಂದು ಪುಟ್ಟ ಗಡಿಯಾರ ಚುಚ್ಚಿಕೊಂಡಿರುತ್ತಿದ್ದರು, ರಜೆಯ ದಿನವೂ. ಅವರ ಕೈ ಹಿಡಿದರೆ ಮುಗಿಯಿತು, ಅವರ ಎರಡು ಬೆರಳು ತಾವಾಗಿಯೇ ನಿಮ್ಮ ಮಣಿಕಟ್ಟಿಗೆ ಸರಿಯುತ್ತಿದ್ದವು, ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಹ್ಯಾಪಿ ನ್ಯೂ ಇಯರ್ ಎಂದು ಕೈ ಕುಲುಕಿದರೂ ನಾಡಿ ನೋಡುವುದೇ. ಮಾತು ನಿಲ್ಲಿಸುತ್ತಿರಲಿಲ್ಲ, ಬಾಯಿ ಒಂದು ಕಡೆ ಬೈಯುತ್ತ ಬೆರಳು ಇನ್ನೊಂದು ಕಡೆ ಎಣಿಸುತ್ತಿತ್ತು. "ಎಂತದಿದು ಕುದುರೆ ಓಡಿದ ಹಾಗೆ? ಕಾಫಿ ಕಮ್ಮಿ ಮಾಡು ಮಾರಾಯ್ತಿ" ಎಂದು ಕೈ ಬಿಡುತ್ತಿದ್ದರು.

ಎಲ್ಲ ರೋಗಕ್ಕೂ ಅವರಲ್ಲಿ ಒಂದೇ ಪಥ್ಯ, ಬಸಳೆ. ಬಾಣಂತಿಗೆ ಬಸಳೆ, ರಕ್ತ ಕಮ್ಮಿ ಇದ್ದವರಿಗೆ ಬಸಳೆ. ನಾನು ಮೆಟ್ಟಿಲಿಂದ ಜಾರಿ ಪಾದದ ಮೂಳೆ ಬಿರುಕು ಬಿಟ್ಟುಕೊಂಡಾಗ ದಿನಾ ಒಂದು ಡಬ್ಬಿ ಬಸಳೆ ಸಾಂಬಾರು ಮನೆ ಬಾಗಿಲಿಗೆ ಬರುತ್ತಿತ್ತು. ಆಸ್ಪತ್ರೆಯ ಡಾಕ್ಟರು ಮೂಳೆ ಚೆನ್ನಾಗಿ ಕೂಡಿದೆ ಎಂದಾಗ ಬಾಯಮ್ಮ ಗೆದ್ದವರಂತೆ, "ಅವ ಎಂತ ಮಾಡಿದ? ಬ್ಯಾಂಡೇಜ್ ಕಟ್ಟಿದ. ಮೂಳೆ ಕೂಡಿಸಿದ್ದು ನನ್ನ ಬಸಳೆ" ಎಂದರು. ಸಿಡ್ನಿಯ ಚಳಿಗೆ ಬಳ್ಳಿ ಸಾಯದಂತೆ ಕುಂಡಗಳನ್ನು ಒಳಗಿಟ್ಟುಕೊಂಡು ಮಕ್ಕಳನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದರು.

ಇದ್ದವಳು ಒಬ್ಬಳೇ ಮಗಳು. ಬಾಯಮ್ಮನಿಗೆ ಪಿಆರ್ ಆಗುವಷ್ಟರಲ್ಲಿ ಅವಳ ವಯಸ್ಸು ಮೀರಿಹೋಗಿತ್ತು, ಅಮ್ಮನ ಜೊತೆ ಬರುವಂತಿರಲಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಮೆಲ್ಬರ್ನಿಗೆ ಬಂದು, ಓದು ಮುಗಿಸಿ, ಡ್ಯಾಂಡಿನಾಂಗಿನಲ್ಲಿ ನಾಲ್ಕು ಜನರ ಜೊತೆ ಮನೆ ಹಂಚಿಕೊಂಡು, ತನ್ನದೇ ಪಿಆರ್‌ಗೆ ಹಾಕಿ ಕಾಯುತ್ತಿದ್ದಳು. ನಾನು ಅವಳನ್ನು ನೋಡಿದ್ದು ಒಂದೇ ಸಲ, ಅವಳು ಕ್ರಿಸ್‌ಮಸ್ಸಿಗೆ ಬಂದಾಗ. ಎತ್ತರದ ಹುಡುಗಿ, ಅಮ್ಮನ ಬಾಯಿ, ಅಮ್ಮನ ನಗು. ತುಂಬಾ ಸೊರಗಿದ್ದಳು. ಡಯಟ್ಟು ಎಂದು ನಕ್ಕಳು.

ಅಂದು ಅವಳು ತನ್ನ ಮೊಬೈಲಿನಲ್ಲಿ ನನಗೊಂದು ಫೋಟೋ ತೋರಿಸಿದಳು. ತಲೆಯ ಮೇಲೆ ಜುಟ್ಟಿನಂಥ ಕೊಂಬು, ಸುರುಳಿ ಬಾಲ, ಹಸಿರು ಮೈ. ನಾನು ಫೋನು ಕೈಬಿಡುವುದರಲ್ಲಿದ್ದೆ.

"ಎಂತ ಮಾರಾಯ್ತಿ ಅದು, ಓತಿಯಾ?"

"ಓತಿ ಅಲ್ಲ ಆಂಟಿ, ಗೋಸುಂಬೆ" ಎಂದು ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡಿ. ಈ ದೇಶದಲ್ಲಿ ಇದನ್ನ ಸಾಕ್ಲಿಕ್ಕಿಲ್ಲ. ಜೊತೆಗಿದ್ದವ ಎಲ್ಲಿಂದಲೋ ತಂದಿದ್ದ, ಬಿಟ್ಟು ಊರಿಗೆ ಹೋದ. ಗೊತ್ತಾದ್ರೆ ಹಿಡ್ಕೊಂಡು ಹೋಗಿ ಕೊಲ್ತಾರಂತೆ. ಇದಕ್ಕೂ ಪಿಆರ್ ಆಗ್ಲಿಲ್ಲ, ನನಗೂ ಆಗ್ಲಿಲ್ಲ. ಇಬ್ಬರೂ ಸದ್ದು ಮಾಡದೆ ಇದ್ದೇವೆ."

ಅಡುಗೆಮನೆಯಿಂದ ಬಾಯಮ್ಮ, "ಆ ಸೈತಾನನನ್ನು ಎಲ್ಲಾದ್ರೂ ಬಿಟ್ಟು ಬಾ ಅಂತ ಹೇಳು ಅವಳಿಗೆ. ಅದ್ರಿಂದಾಗಿ ಪಿಆರ್ ಹೋದ್ರೆ?" ಎಂದು ಕೂಗಿದರು. ಪಿಆರ್, ಪಿಆರ್, ಪಿಆರ್. ಆಗ ನಮ್ಮೆಲ್ಲರ ಬಾಯಲ್ಲೂ ಅದೇ ಜಪ. ಯಾರ ಮನೆಗೆ ಹೋದರೂ ಯಾರದ್ದು ಬಂತು, ಯಾರದ್ದು ನಿಂತಿತು, ಯಾರ ಮೆಡಿಕಲ್‌ನಲ್ಲಿ ಯಾವ ಕಾಯಿಲೆ ಸಿಕ್ಕಿಬಿತ್ತು ಎಂಬ ಮಾತೇ.

ಮುಂದಿನ ವರ್ಷ ಮಗಳ ಪಿಆರ್ ಬಂತು. ಬಾಯಮ್ಮ ನಮಗೆಲ್ಲ ಸಿಹಿ ಹಂಚಿದರು. ಹಂಚಿದ ಕೈ ಒಣಗುವ ಮೊದಲೇ ಮಗಳಿಗೆ ಹುಷಾರಿಲ್ಲವೆಂದು ಮೆಲ್ಬರ್ನಿಗೆ ಹೋದರು. ಎದೆಯಲ್ಲಿ ಗಂಟು. ಡಾಕ್ಟರು ನೋಡುವ ಹೊತ್ತಿಗೆ ಶ್ವಾಸಕೋಶ, ಮೂಳೆ, ಎಲ್ಲ ಕಡೆ ಹರಡಿಯಾಗಿತ್ತು. ಚಳಿಗಾಲ ಮುಗಿಯುವ ಮುಂಚೆ ಹುಡುಗಿ ಹೋದಳು. ಅವಳನ್ನು ಅಲ್ಲೇ ಮಣ್ಣು ಮಾಡಿದರು.

ಜನ ಸುಮ್ಮನಿರುತ್ತಾರೆಯೇ? ದಾರಿಯಲ್ಲಿ ಹೋಗುವವರ ನಾಡಿ ಹಿಡಿಯುವ ನರ್ಸಮ್ಮನಿಗೆ ಮಗಳ ಮೈಯಲ್ಲಿದ್ದದ್ದು ಕಾಣಲಿಲ್ಲವೇ ಎಂದರು. ನನ್ನ ಮನಸ್ಸಿಗೂ ಆ ಮಾತು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಬಾಯಮ್ಮ ಸಿಡ್ನಿಗೆ ಹಿಂತಿರುಗಿದ್ದು ರೈಲಿನಲ್ಲಿ. ಹಗಲಿಡೀ ಕೂತು ಬರುವ ರೈಲು. ನಾನು ಸೆಂಟ್ರಲ್ ಸ್ಟೇಷನ್ನಿಗೆ ಕಾರು ತೆಗೆದುಕೊಂಡು ಹೋಗಿದ್ದೆ. ಮೈತುಂಬ ಕಪ್ಪು ಬಟ್ಟೆ, ಎದೆಗವಚಿಕೊಂಡ ಒಂದು ಪೆಟ್ಟಿಗೆ, ಅದರ ಮೇಲೂ ಕಪ್ಪು ಶಾಲು. ಎಂತ ಇದು ಬಾಯಮ್ಮ ಎಂದರೆ "ಅವಳದ್ದು" ಎಂದರು, ಅಷ್ಟೇ. ಪ್ಯಾರಮ್ಯಾಟ ದಾಟುವಾಗ ಪೆಟ್ಟಿಗೆಯೊಳಗೆ ಪರಪರ ಸದ್ದಾಯಿತು. ನನಗೆ ಹಲ್ಲಿ ಕಂಡರೇ ಆಗುವುದಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಇಳಿದು ನಿಂತುಬಿಟ್ಟೆ.

"ಬಾ ಕೂತ್ಕೋ, ನಿನ್ನನ್ನು ತಿನ್ನುದಿಲ್ಲ ಅದು" ಎಂದರು ಬಾಯಮ್ಮ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಕಡೇ ದಿನ ಅವಳು ನನ್ನ ಹತ್ರ ಕೇಳಿದ್ದು ಎಂತ ಗೊತ್ತುಂಟಾ? ಅಮ್ಮಾ, ಅದಕ್ಕೆ ನೀರು ಹಾಕಿದ್ರಾ? ಬಟ್ಟಲಲ್ಲಿ ಅಲ್ಲ, ಎಲೆ ಮೇಲೆ. ಅಷ್ಟೇ. ಮತ್ತೆ ಮಾತಾಡ್ಲಿಲ್ಲ" ಎಂದರು.

ಅಲ್ಲಿಂದ ಮುಂದೆ ಬಾಯಮ್ಮನಿಗೆ ಒಂದೇ ಹಟ. ಮಗಳ ಗೋಸುಂಬೆ ಸಾಯಬಾರದು. ಅದರ ಹಿಂದಿನ ಭಯವೂ ಒಂದೇ, ಯಾರಿಗೂ ತಿಳಿಯಬಾರದು. ತಿಳಿದರೆ ಕೊಲ್ಲುತ್ತಾರೆ.

ಬಾಯಮ್ಮನ ನಡುಮನೆಯ ದೊಡ್ಡ ಗಾಜಿನ ಕಿಟಕಿಯ ಬಳಿ ಬಲೆಯ ಗೂಡು ಬಂತು. ಅದಕ್ಕೆ ಮಗಳು ಹಾಕಿದ್ದ ಒಂದು ಟ್ಯೂಬ್‌ಲೈಟು, ಮೈ ಕಾಯಿಸಿಕೊಳ್ಳಲು ಒಂದು ಬಲ್ಬು. ಗೋಸುಂಬೆ ಬಟ್ಟಲಲ್ಲಿ ನಿಂತ ನೀರನ್ನು ನೀರೆಂದು ಗುರುತಿಸುವುದೇ ಇಲ್ಲವಂತೆ, ಎಲೆಯಿಂದ ತೊಟ್ಟಿಕ್ಕಿದರೆ ಮಾತ್ರ ನೆಕ್ಕುತ್ತದೆ. ಬಾಯಮ್ಮ ರೋಗಿಗಳಿಗೆ ಗ್ಲೂಕೋಸ್ ಏರಿಸುವ ಡ್ರಿಪ್ಪಿನ ಹಳೇ ಕೊಳವೆಯೊಂದನ್ನು ಗೂಡಿನ ಮೇಲೆ ನೇತು ಹಾಕಿದರು. ಹನಿ ಹನಿಯಾಗಿ ಎಲೆಯ ಮೇಲೆ ನೀರು ಬೀಳಬೇಕು. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬೆರಳಿನಿಂದ ಚಕ್ರ ತಿರುಗಿಸಿ, ಗಡಿಯಾರ ನೋಡಿ, ಹನಿಯ ಲೆಕ್ಕ ಸರಿ ಮಾಡುತ್ತಿದ್ದರು. ಮಗಳ ಹಾಸಿಗೆಯ ಪಕ್ಕ ಹೀಗೇ ಕೂತಿದ್ದಿರಬೇಕು. ನೋಡಲಾರದೆ ನಾನು ಏನೋ ನೆಪ ಹೇಳಿ ಎದ್ದು ಬರುತ್ತಿದ್ದೆ.

ಗೋಸುಂಬೆಗೆ ಅವರನ್ನು ಕಂಡರಾಗದು. ಹತ್ತಿರ ಹೋದರೆ ಹಸಿರು ಮೈ ಕಪ್ಪಾಗಿ, ಬಾಯಿ ತೆರೆದು, ಬುಸ್ಸೆಂದು ಪಕ್ಕಕ್ಕೆ ಒಲೆದಾಡುತ್ತಿತ್ತು. ನಿಮ್ಮ ಕಪ್ಪು ಬಟ್ಟೆಗೆ ಹೆದರುತ್ತದೋ ಏನೋ ಎಂದು ನಾನು ಬಾಯಿತಪ್ಪಿ ಅಂದೆ. ಅವರಲ್ಲಿ ವರ್ಷವಿಡೀ ಕಪ್ಪು ಉಡುವ ಹಳೇ ಪದ್ಧತಿ. ಮರುದಿನ ನೋಡಿದರೆ ಬಾಯಮ್ಮ ಮಗಳ ಹಸಿರು ಟೀ–ಶರ್ಟು ತೊಟ್ಟು ನಿಂತಿದ್ದಾರೆ! ಇಗರ್ಜಿಯ ಹೆಂಗಸರು ಗುಸುಗುಸು ಅಂದರು. ಮಗಳನ್ನು ಮಣ್ಣು ಮಾಡಿ ತಿಂಗಳ ಪೂಜೆಯೂ ಆಗಿಲ್ಲ, ಬಣ್ಣದ ಬಟ್ಟೆ ನೋಡಿ ಎಂದರು. ಬಾಯಮ್ಮ ಯಾರಿಗೂ ಕಾರಣ ಹೇಳುವಂತಿರಲಿಲ್ಲ. ಅಂದುಕೊಳ್ಳಲಿ ಎಂದು ಬಿಟ್ಟರು.

ಅದರ ಆಹಾರ ಕ್ರಿಕೆಟ್ ಎಂಬ ಜೀವಂತ ಹುಳ. ನಮ್ಮಲ್ಲಿ ಮಳೆಗಾಲದಲ್ಲಿ ಬಚ್ಚಲ ಮೂಲೆಯಿಂದ ಕಿರ್ರೆನ್ನುವಂಥದ್ದು. ಡಬ್ಬಿಯಲ್ಲಿ ತುಂಬಿ ಪೆಟ್ ಶಾಪಿನಲ್ಲಿ ಮಾರುತ್ತಾರೆ. ಯಾಕೆ ಎಂದು ಅಂಗಡಿಯವರು ಕೇಳಿದರೆ, "ಮೈ ಹಸ್ಬೆಂಡ್ ಗೋಸ್ ಫಿಶಿಂಗ್" ಎನ್ನುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ಅವರಿಗೆ ಮೀನು ತಿನ್ಲಿಕ್ಕೆ ಮಾತ್ರ ಗೊತ್ತಿದ್ದದ್ದು, ಹಿಡೀಲಿಕ್ಕಲ್ಲ. ದೇವರ ಹತ್ರ ಕೂತು ನಗಾಡ್ತಿರ್ಬೇಕು" ಎಂದು ತಾವೂ ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗ. ಒಮ್ಮೆ ಫಾದರ್ ಮನೆಗೆ ಬಂದು ಜಪಸರ ಹೇಳುವಾಗ ಡಬ್ಬಿಯೊಳಗಿಂದ ಹುಳಗಳೂ ಜೋರಾಗಿ ಶುರು ಮಾಡಿದವು. ಬಾಯಮ್ಮ ಕಣ್ಣು ಮುಚ್ಚಿಕೊಂಡೇ ಅವುಗಳಿಗಿಂತ ಜೋರಾಗಿ ಜಪ ಹೇಳಿದರಂತೆ.

ಹುಳಗಳಿಗೆ ಒಂದು ಬಿಳಿ ಪುಡಿ ಹಚ್ಚಿ ಕೊಡಬೇಕೆಂದು ಮಗಳು ಹೇಳಿದ್ದಳು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಪುಡಿ. ಮೆಲ್ಬರ್ನಿಂದ ತಂದದ್ದು ಮುಗಿದಾಗ ಬಾಯಮ್ಮ ಅದೇ ಅಂಗಡಿಗೆ ಹೋಗಿ ಕೇಳಿದರು. ಕೌಂಟರಿನವಳು ಸಹಜವಾಗಿ, ಯಾವ ಪ್ರಾಣಿ ಸಾಕಿದ್ದೀರಿ, ಲೈಸೆನ್ಸ್ ಇದೆಯಾ ಎಂದಳಂತೆ. ಇಲ್ಲಿ ಈ ದೇಶದ್ದೇ ಓತಿ, ಹಾವು ಸಾಕುವುದಕ್ಕೂ ಲೈಸೆನ್ಸ್ ಬೇಕು. ಮೀನು ಹಿಡಿಯುವವರಿಗೆ ಆ ಪುಡಿ ಏತಕ್ಕೆ? ಬಾಯಮ್ಮ ಕೈಯಲ್ಲಿದ್ದ ಹುಳದ ಡಬ್ಬಿಯನ್ನೂ ಅಲ್ಲೇ ಬಿಟ್ಟು ಓಡಿಬಂದರು.

"ಮುಖ ಬೆವರಿ ಹೋಯ್ತು ಮಾರಾಯ್ತಿ. ನನ್ನ ಹೆಸರು ಕೇಳಿ ಬರ್ಕೊಂಡ್ರೆ? ಮನೆಗೆ ಬಂದ್ರೆ?" ನನ್ನ ಕೈ ಹಿಡಿದುಕೊಂಡಿದ್ದರು, ನಾಡಿ ನೋಡುವುದನ್ನೂ ಮರೆತಿದ್ದರು.

ಇನ್ನು ಆ ಪುಡಿ ಬೇಡ ಎಂದು ಅಂದೇ ತೀರ್ಮಾನವಾಯಿತು. ಹುಳಗಳನ್ನು ದೂರದ ಬೇರೆ ಅಂಗಡಿಯಿಂದ ತರತೊಡಗಿದರು. "ಪುಡಿ ಎಂತಕ್ಕೆ? ಮೂಳೆಗೆ ಬಸಳೆ ಇಲ್ವಾ?" ಎಂದರು. ಅದು ಹುಳದ ಜೊತೆ ಎಲೆಯನ್ನೂ ತಿನ್ನುವ ಜಾತಿ. ಎಳೆ ಬಸಳೆ ಚಿಗುರನ್ನು ತೊಳೆದು, ತೊಟ್ಟು ಚಿವುಟಿ, ಕಡ್ಡಿಗೆ ಸಿಕ್ಕಿಸಿದರೆ ಅದು ಒಂದು ಕಣ್ಣು ಬಾಯಮ್ಮನ ಮೇಲೆ, ಇನ್ನೊಂದು ಕಣ್ಣು ಎಲೆಯ ಮೇಲೆ ಇಟ್ಟು ಮೆಲ್ಲನೆ ಬಂದು ಕಚ್ಚುತ್ತಿತ್ತು. ಬಾಯಮ್ಮನಿಗೆ ಹಿಗ್ಗೋ ಹಿಗ್ಗು. "ನೋಡು, ನೋಡು! ಊರಿನ ಮಗುವಿನ ಹಾಗೆ ತಿನ್ತದೆ." ಶುಕ್ರವಾರ ಅವರ ಮನೆಯಲ್ಲಿ ಮಾಂಸ ಇಲ್ಲ, ಹಾಗಾಗಿ ಗೋಸುಂಬೆಗೂ ಹುಳ ಇಲ್ಲ. ಶುಕ್ರವಾರ ಬರೀ ಬಸಳೆ ಮತ್ತು ಒಂದು ದಾಸವಾಳದ ಹೂ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸದ ದಿನಗಳಲ್ಲಂತೂ ಅದೂ ಪೂರ್ತಿ ಕ್ರಿಶ್ಚಿಯನ್ನು. ನಾನು ಗೇಲಿ ಮಾಡಿದರೆ, "ನನ್ನ ಮನೆಯಲ್ಲಿದ್ದ ಮೇಲೆ ನನ್ನ ಕ್ರಮ" ಎನ್ನುತ್ತಿದ್ದರು.

ವರ್ಷ ಕಳೆಯಿತು. ಟ್ಯೂಬ್‌ಲೈಟನ್ನು ಆಗಾಗ ಬದಲಿಸಬೇಕಂತೆ, ನಾನು ಎಲ್ಲೋ ಓದಿದ್ದೆ, ಹೇಳಿದೆ. "ಉರೀತಾ ಉಂಟಲ್ಲ? ಅವಳ ಕೈಯಲ್ಲಿ ಹಾಕಿದ್ದು. ಯಾಕೆ ತೆಗೀಬೇಕು?" ಎಂದರು.

ಎರಡನೇ ಚಳಿಗಾಲದಲ್ಲಿ ಗೋಸುಂಬೆ ಕೊಂಬೆಯಿಂದ ಬಿದ್ದಿತು. ಕಾಲು ಜಾರಿರಬೇಕು ಎಂದುಕೊಂಡೆವು. ಮತ್ತೆ ಬಿತ್ತು. ಮುಂಗಾಲುಗಳು ಬಿಲ್ಲಿನಂತೆ ಬಾಗತೊಡಗಿದವು. ಕೊಂಬೆ ಹಿಡಿಯಹೋದರೆ ಕೈ ಗಡಗಡ ನಡುಗುತ್ತಿತ್ತು. ಬಾಯಮ್ಮ ಕೊಂಬೆಗಳನ್ನು ತಗ್ಗಿಸಿ ಕಟ್ಟಿ, ಕೆಳಗೆ ಮೆತ್ತನೆ ಟವೆಲ್ ಹಾಸಿ, ಬಸಳೆಯನ್ನು ಇನ್ನೂ ಹೆಚ್ಚು ಮಾಡಿದರು. ಅರೆದು ರಸ ಮಾಡಿ ಬಾಯಿಗೆ ಹನಿಸಿದರು. ಗೋಸುಂಬೆ ಇನ್ನಷ್ಟು ಸೊಪ್ಪಾಯಿತು.

"ಪ್ರಾಣಿ ಡಾಕ್ಟರಿಗೆ ತೋರಿಸೋಣ ಬಾಯಮ್ಮ" ಎಂದೆ.

"ಹುಚ್ಚಾ ನಿನಗೆ? ತೋರಿಸಿದ್ರೆ ವಾಪಸ್ ಕೊಡ್ತಾರಾ? ಅಲ್ಲೇ ಕೊಲ್ತಾರೆ. ಸುಮ್ಮನಿರು. ಗುಣ ಆಗ್ತದೆ." ನನ್ನ ಮೇಲೆ ಅವರು ಅಷ್ಟು ಕೂಗಾಡಿದ್ದು ಅದೇ ಮೊದಲು. ನಾನೂ ಸಿಟ್ಟು ಮಾಡಿಕೊಂಡು ಕೆಲವು ದಿನ ಆ ಕಡೆ ಹೋಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಬಾಯಮ್ಮ ಪೆಟ್ಟಿಗೆ ಹಿಡಿದು ನಿಂತಿದ್ದರು. ಮತ್ತೆ ಕಪ್ಪು ಬಟ್ಟೆ. ಗೋಸುಂಬೆಯ ನಾಲಿಗೆ ಹೊರಗೆ ನೇತಾಡುತ್ತಿತ್ತು, ಒಳಗೆ ಎಳೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ. ದವಡೆ ರಬ್ಬರಿನಂತೆ ಮೆತ್ತಗಾಗಿತ್ತು. "ಕಾರು ತೆಗಿ" ಎಂದರು.

ಎಲ್ಲಿಗೆ ಎಂದು ಕೇಳಿದೆ.

"ಡಾಕ್ಟರ ಹತ್ರ."

"ಅಲ್ಲಿ ಹೋದರೆ ಅವರು..." ಎಂದು ನಾನು ನಿಲ್ಲಿಸಿದೆ.

"ಗೊತ್ತುಂಟು ನನಗೆ. ತೆಗಿ ಕಾರು."

ದಾರಿಯಲ್ಲಿ ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ರಸ್ತೆ ನೋಡುತ್ತ, ವೃದ್ಧಾಶ್ರಮದಲ್ಲಿ ರೋಗಿಯ ವಿಷಯ ಹೇಳುವ ದನಿಯಲ್ಲೇ ಹೇಳಿದರು. "ಆ ಕ್ರಿಸ್‌ಮಸ್ಸಿಗೆ ಬಂದಾಗ ಅವಳು ನನಗೆ ತೋರಿಸಿದ್ಳು. ಬಚ್ಚಲುಮನೆಯಲ್ಲಿ. ಅಮ್ಮಾ, ಇಲ್ಲಿ ಗಂಟು ಉಂಟು ನೋಡಿ ಅಂತ. ನಾನು ಮುಟ್ಟಿ ನೋಡಿದೆ. ಮುಟ್ಟಿದ ಕೂಡ್ಲೇ ನನಗೆ ಗೊತ್ತಾಗಿದೆ. ಎಷ್ಟು ಹೆಂಗಸರದ್ದು ನೋಡಿದ ಕೈ ಇದು."

ನಾನು ಕೆಂಪು ಸಿಗ್ನಲ್ಲಿಗೆ ಕಾರು ನಿಲ್ಲಿಸಿದೆ.

"ಈಗ ತೋರಿಸಿದ್ರೆ ರೆಕಾರ್ಡಿಗೆ ಬರ್ತದೆ, ಪಿಆರ್ ಕೊಡುದಿಲ್ಲ, ಇಷ್ಟು ವರ್ಷ ಕಷ್ಟಪಟ್ಟದ್ದು ನೀರಿಗೆ ಹೋಗ್ತದೆ ಅಂತ ನಾನೇ ಹೇಳಿದ್ದು. ಪಿಆರ್ ಆಗ್ಲಿ, ಮಾರನೇ ದಿನ ತೋರಿಸುವಾ. ಯಾರಿಗೂ ಹೇಳ್ಬೇಡ. ಏನೂ ಆಗುದಿಲ್ಲ, ಬಸಳೆ ತಿನ್ನು. ಹಾಗೆ ಹೇಳಿದೆ. ಅವಳು ಸರಿ ಅಮ್ಮ ಅಂದ್ಳು. ನಾನು ನರ್ಸ್ ಅಲ್ವಾ, ನಂಬಿದ್ಳು."

ಸಿಗ್ನಲ್ಲು ಹಸಿರಾದದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

"ಇದನ್ನೂ ಹಾಗೇ ಬಚ್ಚಿಟ್ಟು ಕೊಲ್ಲುದಾ? ಅವಳಿಗೆ ಡಾಕ್ಟರ ಹತ್ರ ಹೋಗ್ಬೇಡ ಅಂದೆ. ಇದಕ್ಕೂ ಹಾಗೆ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ. ನೋವು ಉಂಟು ಅದಕ್ಕೆ. ನನಗೆ ಕಾಣ್ತದೆ."

ಪ್ರಾಣಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೆಟ್ಟಿಗೆ ತೆರೆದು ನೋಡಿದ ಕೂಡಲೇ ಮುಖ ಗಂಭೀರವಾಯಿತು. ಇದು ಇಲ್ಲಿ ಸಾಕುವಂಥದ್ದಲ್ಲ ಎಂದು ನಿಮಗೆ ಗೊತ್ತಲ್ಲವೇ ಎಂದರು. ಗೊತ್ತು ಎಂದರು ಬಾಯಮ್ಮ. ತಿಳಿಸಬೇಕಾದವರಿಗೆ ನಾನು ತಿಳಿಸಲೇಬೇಕು ಎಂದರು ಅವರು. ತಿಳಿಸಿ ಎಂದರು ಇವರು. ಆಮೇಲೆ ಆಕೆ ಮೆಲ್ಲಗೆ ಒಂದೊಂದೇ ಕೇಳಿದರು. ಪುಡಿ ಕೊಡುತ್ತಿದ್ದಿರಾ? ಬಿಸಿಲು ಎಲ್ಲಿಂದ? ಟ್ಯೂಬು ಎಷ್ಟು ಹಳೆಯದು? ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದಕ್ಕೆ ಬೇಕಾದದ್ದು ಇರುವುದಿಲ್ಲ, ಹಳೇ ಟ್ಯೂಬು ಉರಿಯುತ್ತಿದ್ದರೂ ಅದರ ಸತ್ವ ಹೋಗಿರುತ್ತದೆ ಎಂದರು. ಯಾವ ಸೊಪ್ಪು ಕೊಡುತ್ತಿದ್ದಿರಿ?

ಬಾಯಮ್ಮ ಬಸಳೆಯ ಇಂಗ್ಲಿಷ್ ಹೆಸರು ಹೇಳಿದರು. ದಿನಾ, ಎಳೆಯದೇ ಕೊಟ್ಟದ್ದು ಎಂದೂ ಸೇರಿಸಿದರು.

ಆಕೆ ಪೆನ್ನು ಕೆಳಗಿಟ್ಟರು. ಆ ಜಾತಿಯ ಸೊಪ್ಪು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ, ಮೂಳೆಗೆ ಹೋಗಲು ಬಿಡುವುದಿಲ್ಲ, ಅಪರೂಪಕ್ಕೆ ಕೊಟ್ಟರೆ ಸರಿ, ದಿನಾ ಅಲ್ಲ ಎಂದರು. ಮೂಳೆಗಳೆಲ್ಲ ಮೆತ್ತಗಾಗಿವೆ, ಅಲ್ಲಲ್ಲಿ ಮುರಿದಿವೆ, ಈಗ ಏನೂ ಮಾಡುವಂತಿಲ್ಲ ಎಂದರು. ನರ್ಸಿಗೆ ಅದನ್ನು ಬಿಡಿಸಿ ಹೇಳಬೇಕೇ? ಬಾಯಮ್ಮ ಮೇಜಿನ ಅಂಚು ಹಿಡಿದುಕೊಂಡರು. "ನಾನು ಕೊಟ್ಟದ್ದೇ" ಎಂದು ಕನ್ನಡದಲ್ಲಿ ನನಗೆ ಹೇಳಿದರು. ನನಗೆ ಆ ಹೊತ್ತು ದೇವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಹೇಳಿದರೆ ಪಾಪ ಬರುತ್ತದೆ.

ಇದು ಯಾರದ್ದು ಎಂದು ಡಾಕ್ಟರು ಕೊನೆಗೆ ಕೇಳಿದರು. ಮಗಳದ್ದು ಎಂದು ಹೇಳಿದ್ದರೆ ಯಾರೂ ಏನೂ ಮಾಡುತ್ತಿರಲಿಲ್ಲ. ನಾನು ಬಾಯಿ ತೆರೆಯುವುದರಲ್ಲಿದ್ದೆ. ಬಾಯಮ್ಮ ಕೈ ಎತ್ತಿ ತಡೆದರು. "ನನ್ನದು. ನನ್ನ ಹೆಸರು ಬರ್ಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ತಮ್ಮ ಪೂರ್ತಿ ಹೆಸರನ್ನು ಅಕ್ಷರ ಬಿಡಿಸಿ ಹೇಳಿದರು. ಬರೆದದ್ದನ್ನು ಇಣುಕಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು.

ಇಂಜೆಕ್ಷನ್ನಿಗೆ ಮುಂಚೆ ಎತ್ತಿಕೊಳ್ಳಬಹುದೇ ಎಂದು ಕೇಳಿದರು. ಅಂಗೈಯ ಮೇಲೆ ಮಲಗಿಸಿಕೊಂಡರು. ಅದು ಅವರ ಕೈಯಲ್ಲಿ ಕಪ್ಪಾಗದೆ ಇದ್ದದ್ದು ಅದೊಂದೇ ಸಲ. ಎರಡು ಬೆರಳು ತಾವಾಗಿ ಅದರ ಮುಂಗಾಲಿನ ಬುಡಕ್ಕೆ ಸರಿದವು. ಕಣ್ಣು ಗಡಿಯಾರಕ್ಕೆ ಹೋಯಿತು. ಹಾಗೇ ನಿಂತಿದ್ದರು. "ಹೋಯ್ತು" ಎಂದರು, ಡಾಕ್ಟರು ಹೇಳುವ ಮೊದಲೇ.

ಹೂಳಲು ಅದರ ದೇಹವನ್ನೂ ಕೊಡಲಿಲ್ಲ, ಕೊಡುವಂತಿಲ್ಲವಂತೆ. ಖಾಲಿ ಪೆಟ್ಟಿಗೆ ಹಿಡಿದುಕೊಂಡು ಬಂದೆವು. ಕೆಲವು ದಿನಗಳಲ್ಲಿ ಸರಕಾರದವರಿಬ್ಬರು ಬಂದು, ವಿಚಾರಣೆ ಮಾಡಿ, ಗೂಡು, ದೀಪ ಎಲ್ಲ ತೆಗೆದುಕೊಂಡು, ಎಚ್ಚರಿಕೆ ಹೇಳಿ ಹೋದರು. ಮಗಳು ಹಾಕಿದ ಟ್ಯೂಬೂ ಹೋಯಿತು. ಅವರು ಹೋದ ಮೇಲೆ ಬಾಯಮ್ಮ ಹಿತ್ತಲಿಗೆ ಹೋಗಿ ಬಸಳೆ ಚಪ್ಪರವನ್ನು ಬೇರು ಸಮೇತ ಕಿತ್ತರು. ನಾನು ತಡೆಯಲಿಲ್ಲ. ಒಂದು ದಂಟನ್ನು ಕೇಳಿ ಇಟ್ಟುಕೊಳ್ಳಬಹುದಿತ್ತು, ಕೇಳಲಿಲ್ಲ.

ಅದಾದ ಮೇಲೆ ಅವರು ಕೆಲಸ ಬಿಟ್ಟು ಮೆಲ್ಬರ್ನಿಗೆ ಹೋದರು. ಮಗಳ ಸಮಾಧಿ ಹತ್ತಿರ, ಡ್ಯಾಂಡಿನಾಂಗಿನಲ್ಲಿ ಒಂದು ರೂಮು, ಅಲ್ಲೇ ಒಂದು ವೃದ್ಧಾಶ್ರಮದಲ್ಲಿ ಕೆಲಸ. ನಾವೂ ಮನೆಸಾಲದ ಮಾರ್ಟ್‌ಗೇಜ್ ತಲೆಗೆ ಕಟ್ಟಿಕೊಂಡು ಸಿಡ್ನಿಯಲ್ಲೇ ರೌಸ್ ಹಿಲ್ಲಿಗೆ ಬಂದೆವು. ಒಂದು ಮದುವೆಗೆಂದು ಮೆಲ್ಬರ್ನಿಗೆ ಹೋದಾಗ ಅವರನ್ನು ನೋಡಲು ಹೋದೆ. ಬಸ್‌ಸ್ಟಾಪಿನಲ್ಲಿ ಸ್ಟೂಡೆಂಟ್ ಹುಡುಗಿಯೊಬ್ಬಳ ಮಣಿಕಟ್ಟು ಹಿಡಿದು ನಿಂತಿದ್ದರು. ಆ ಹುಡುಗಿ ಕೆಮ್ಮುತ್ತ, "ಏನಿಲ್ಲ ಆಂಟಿ, ಪಿಆರ್ ಫೈಲ್ ಹೋಗಿದೆ, ಅದು ಮುಗೀಲಿ, ಆಮೇಲೆ ತೋರಿಸ್ತೀನಿ" ಎನ್ನುತ್ತಿದ್ದಳು.

"ಪಿಆರಿಗೆ ಬೆಂಕಿ ಹಾಕು! ಈಗ ನಡಿ. ನಾನು ಬರ್ತೇನೆ ಜೊತೆಗೆ" ಎಂದು ಬಾಯಮ್ಮ ಇಡೀ ಬಸ್‌ಸ್ಟಾಪು ತಿರುಗಿ ನೋಡುವಂತೆ ಕಿರುಚಿದರು. ಹುಡುಗಿ ಕೈ ಕೊಸರಿಕೊಂಡು ಬಂದ ಬಸ್ಸು ಹತ್ತಿದಳು. ಅವರನ್ನು ಕಂಡರೆ ನಮ್ಮ ಹುಡುಗಿಯರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ, ಪಾಪ ತಲೆ ಕೆಟ್ಟಿದೆ ಎಂದು ಮದುವೆ ಮನೆಯಲ್ಲಿ ಯಾರೋ ಹೇಳಿದರು. ನನಗೆ ಉರಿದುಹೋಯಿತು, ಊಟ ಬಿಟ್ಟು ಎದ್ದೆ.

ಮೊನ್ನೆಯ ಫೋನಿಗೆ ಬರುತ್ತೇನೆ. ನಾನು ಅತ್ತು ಮುಗಿಸಿ, ಮುಖ ತೊಳೆದು, ಆ ಹುಡುಗಿಗೆ ತಿರುಗಿ ಫೋನ್ ಮಾಡಿದೆ. ಹೇಗಾಯಿತು ಎಂದು ಕೇಳಿದೆ.

"ಹಾರ್ಟು ಆಂಟಿ. ನನ್ನ ರೂಮಿಗೆ ಬಂದಿದ್ರು, ಕೂತಲ್ಲೇ ಒರಗಿದ್ರು. ಕೈ ನಾನೇ ಹಿಡಿದದ್ದು. ನಾಡಿ ಎಲ್ಲಿ ಸಿಗ್ತದೆ ಅಂತ ಅವರೇ ನನಗೆ ಕಲಿಸಿದ್ದು." ಅವಳೇ ಮುಂದುವರಿಸಿದಳು, "ನನ್ನನ್ನೂ ಅವರೇ ಡಾಕ್ಟರ ಹತ್ರ ಎಳ್ಕೊಂಡು ಹೋದದ್ದು. ಕಿಡ್ನಿ ತೊಂದರೆ. ರೆಕಾರ್ಡಿಗೆ ಬಂತು. ಪಿಆರ್ ರಿಜೆಕ್ಟ್ ಆಯ್ತು. ಎಷ್ಟೋ ಸಮಯ ನಾನವರ ಹತ್ರ ಮಾತಾಡ್ಲಿಲ್ಲ ಆಂಟಿ, ಬಾಗಿಲು ತೆಗೀಲಿಲ್ಲ. ಆದ್ರೂ ಬರ್ತಿದ್ರು. ಬಾಗಿಲ ಹೊರಗೆ ನಿಂತು ಮದ್ದು ತಗೊಂಡ್ಯಾ ಅಂತ ಕೇಳಿ ಹೋಗ್ತಿದ್ರು."

ಈಗ ಹೇಗಿದ್ದೀಯಮ್ಮ ಎಂದೆ.

"ಇದ್ದೇನೆ ಆಂಟಿ. ಬೇಗ ಗೊತ್ತಾದ ಕಾರಣ ಮದ್ದಿನಲ್ಲೇ ನಡೀತಾ ಉಂಟು. ಮುಂದಿನ ತಿಂಗಳು ಊರಿಗೆ ಹೋಗ್ಲಿಕ್ಕುಂಟು. ಅಮ್ಮ ಏರ್‌ಪೋರ್ಟಿಗೆ ಬರ್ತಾರೆ."